ಮಾರಿಷಸ್ ಕೈಬದಲಾದ ಬಗೆ

1798ರ ಜನವರಿಯಲ್ಲಿ ಟಿಪ್ಪು ಸುಲ್ತಾನನ ದೂತರು ಹಿಂದೂ ಮಹಾಸಾಗರದ ಒಂದು ಫ್ರೆಂಚ್ ದ್ವೀಪಕ್ಕೆ ಬಂದಿಳಿದರು. ಆಗ ಅದರ ಹೆಸರು ಈಲ್ ದ ಫ್ರಾನ್ಸ್, ಈಗ ಮಾರಿಷಸ್. ಅವರು ಬಂದದ್ದು ಸೇನಾ ನೆರವು ಕೇಳಲು. ಗವರ್ನರ್ ಮಲಾರ್ತಿಕ್‌ನ ಬಳಿ ಕೊಡಲು ಪಡೆ ಇರಲಿಲ್ಲ. ಆತ ಟಿಪ್ಪುವಿನ ಸೇವೆಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ಮಂಗಳೂರಿಗೆ ಬಂದವರು ನೂರರ ಆಸುಪಾಸು ಮಂದಿ. ಪ್ರಕಟಣೆಯ ಪ್ರತಿ ಮಾತ್ರ ಕಲ್ಕತ್ತಾದಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮೇಜಿಗೆ ತಲುಪಿ, ಯುದ್ಧಕ್ಕೆ ಅವನಿಗೆ ಬೇಕಿದ್ದ ನೆಪ ಒದಗಿಸಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆ ದ್ವೀಪ ಬ್ರಿಟಿಷರ ಕೈಸೇರಲು ಮಾತ್ರ ಇನ್ನೂ 11 ವರ್ಷ ಬೇಕಾಯಿತು. ಇಡೀ ಮೈಸೂರು ರಾಜ್ಯವನ್ನು ಮಣಿಸಿದವರಿಗೆ ಒಂದು ಸಣ್ಣ ದ್ವೀಪ ಇಷ್ಟು ಕಾಲ ದಕ್ಕದೇ ಹೋದದ್ದೇಕೆ?

ಬಯಕೆಗೇನೂ ಕೊರತೆ ಇರಲಿಲ್ಲ. ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಬಳಸಿ ಭಾರತಕ್ಕೆ ಬರುವ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಮೇಲೆ ಬೀಳುತ್ತಿದ್ದ ಫ್ರೆಂಚ್ ಖಾಸಗಿ ದಾಳಿಕೋರರ ನೆಲೆ ಅಲ್ಲಿನ ಪೋರ್ಟ್ ಲೂಯಿ ಬಂದರು. ರೊಬೆರ್ ಸುರ್ಕೂಫ್ ಎಂಬಾತ 1800ರಲ್ಲಿ ಬಂಗಾಳ ಕೊಲ್ಲಿಯಲ್ಲೇ ಕಂಪನಿಯ ‘ಕೆಂಟ್’ ಹಡಗನ್ನು ಹಿಡಿದಿದ್ದ. ವೆಲ್ಲೆಸ್ಲಿ ದ್ವೀಪದ ಮೇಲೆ ಹೋಗಲೆಂದು ಟ್ರಿಂಕೋಮಲಿಯಲ್ಲಿ ಸೈನ್ಯವನ್ನೂ ಕೂಡಿಸಿದ. ಲಂಡನ್ನಿನ ಆಜ್ಞೆ ಇಲ್ಲದೆ ಹಡಗು ಕೊಡಲಾರೆ ಎಂದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ರೇನಿಯರ್. ಯೋಜನೆ ಅಲ್ಲಿಗೇ ನಿಂತು, ಪಡೆ ಈಜಿಪ್ಟಿನ ಕಡೆ ಹೋಯಿತು. ಸಮುದ್ರ ದಾಟಿ ಮಾಡುವ ದಂಡಯಾತ್ರೆಯಲ್ಲಿ ಭೂಸೇನೆ, ನೌಕಾಪಡೆ ಎಂಬ ಇಬ್ಬರು ಯಜಮಾನರು ಒಪ್ಪದೆ ಒಂದು ದೋಣಿಯೂ ಕದಲದು.

ಎರಡನೆಯ ತೊಡಕು ದ್ವೀಪದ್ದೇ. ಮಾರಿಷಸ್ ಸುತ್ತ ಹವಳದ ದಿಬ್ಬವಿದೆ. ನಮ್ಮ ಹಳ್ಳಿ ಕೋಟೆಗಳ ಸುತ್ತ ಕಳ್ಳಿಬೇಲಿ ಇರುತ್ತಿದ್ದಂತೆ. ದೊಡ್ಡ ಹಡಗು ಒಳನುಗ್ಗಬಹುದಾದ ಕಂಡಿಗಳು ಕೆಲವೇ, ಮುಖ್ಯವಾದವುಗಳಿಗೆ ಫಿರಂಗಿಯ ಕಾವಲು. ಹೊರಗೆ ನಿಂತು ಮುತ್ತಿಗೆ ಹಾಕೋಣವೆಂದರೆ ಕುಡಿಯುವ ನೀರಿಲ್ಲ. ನೀರು, ದಿನಸಿ ಮುಗಿದರೆ ಸಾವಿರಾರು ಕಿಲೋಮೀಟರ್ ದೂರದ ಕೇಪ್‌ಗೋ ಮದರಾಸಿಗೋ ಹೋಗಬೇಕು. ವರ್ಷದ ಕೊನೆಯ ಹೊತ್ತಿಗೆ ಚಂಡಮಾರುತದ ಕಾಲ ಬೇರೆ.

ನನ್ನ ದೃಷ್ಟಿಯಲ್ಲಿ ದ್ವೀಪದ ಹಣೆಬರಹ ನಿರ್ಧಾರವಾದದ್ದು 1809ರಲ್ಲಿ. ಆ ವರ್ಷ ಲೆಫ್ಟಿನೆಂಟ್ ಕರ್ನಲ್ ಕೀಟಿಂಗ್ ಕೆಲವು ನೂರು ಬ್ರಿಟಿಷ್ ಸೈನಿಕರು ಮತ್ತು ಬೊಂಬಾಯಿಯ ಸಿಪಾಯಿಗಳೊಡನೆ ರೊಡ್ರಿಗಸ್ ಎಂಬ ಪುಟ್ಟ ದ್ವೀಪಕ್ಕೆ ಇಳಿದ. ಅದು ಮಾರಿಷಸ್‌ಗೆ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್. ಅಲ್ಲಿ ಹೇಳಿಕೊಳ್ಳುವಂಥ ಕಾಳಗವೇನೂ ನಡೆಯಲಿಲ್ಲವಾದ್ದರಿಂದ ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಿ ಅದನ್ನು ದಾಟಿಬಿಡುತ್ತವೆ. ಆದರೆ ನೀರು, ಆಹಾರ, ಹಡಗು ಕೂಡುವ ತಾಣ, ಎಲ್ಲವೂ ಅಲ್ಲಿ ಸಿಕ್ಕವು. ಮರುವರ್ಷ ಜುಲೈನಲ್ಲಿ ಮಾರಿಷಸ್ ಪಕ್ಕದ ಬೂರ್ಬೋನ್, ಅಂದರೆ ಇಂದಿನ ರಿಯೂನಿಯನ್, ಎರಡು ದಿನಗಳಲ್ಲಿ ವಶವಾಯಿತು.

ಆಗ ಬ್ರಿಟಿಷರು ಅವಸರ ಮಾಡಿದರು. 1810ರ ಆಗಸ್ಟಿನಲ್ಲಿ ನಾಲ್ಕು ಬ್ರಿಟಿಷ್ ಫ್ರಿಗೇಟುಗಳು ಮಾರಿಷಸ್ ದ್ವೀಪದ ಆಗ್ನೇಯದ ಗ್ರಾಂಡ್ ಪೋರ್ಟ್ ಕೊಲ್ಲಿಯೊಳಗಿದ್ದ ಫ್ರೆಂಚ್ ಹಡಗುಗಳ ಮೇಲೆ ದಾಳಿಗೆ ಹೋದವು. ಒಳಗಿನ ಕಾಲುವೆಯ ಆಳ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ‘ಸಿರಿಯಸ್’, ‘ಮ್ಯಾಜಿಸಿಯೆನ್’ ಹವಳಕ್ಕೆ ಸಿಕ್ಕಿಕೊಂಡವು. ಶತ್ರುವಿನ ಪಾಲಾಗದಿರಲೆಂದು ಅವುಗಳ ನಾವಿಕರೇ ಬೆಂಕಿಯಿಟ್ಟರು. ‘ನೆರೈಡ್’ ಚಿಂದಿಯಾಗಿ ಸೆರೆಸಿಕ್ಕಿತು, ಅದರಲ್ಲಿದ್ದವರಲ್ಲಿ ಬಹುಪಾಲು ಜನ ಸತ್ತರು ಇಲ್ಲವೇ ಗಾಯಗೊಂಡರು. ‘ಇಫಿಜೀನಿಯಾ’ ಕೊನೆಗೆ ಶರಣಾಯಿತು. ಪ್ಯಾರಿಸ್‌ನ ವಿಜಯ ಕಮಾನಿನ ಮೇಲೆ ಈ ಕಾಳಗದ ಹೆಸರನ್ನು ಕೆತ್ತಲಾಗಿದೆ. ಎರಡೂ ಕಡೆಯ ಗಾಯಾಳು ನಾಯಕರಾದ ಬ್ರಿಟಿಷರ ವಿಲ್ಲೋಬಿ ಮತ್ತು ಫ್ರೆಂಚರ ದ್ಯುಪೆರೆಗೆ ಒಂದೇ ಮನೆಯಲ್ಲಿ ಚಿಕಿತ್ಸೆಯಾಯಿತು. ಮಾಹೆಬೂರ್‌ನಲ್ಲಿರುವ ಆ ಮನೆ ಈಗ ವಸ್ತುಸಂಗ್ರಹಾಲಯ.

ಸೋಲು ಕಲಿಸಿದ ಪಾಠ ಸರಳ: ಮೊದಲು ಆಳ ಅಳೆಯಬೇಕು. ಮುಂದಿನ ವಾರಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಕರಾವಳಿಯುದ್ದಕ್ಕೂ ನೀರಿನ ಆಳ ನೋಡಿದರು. ಉತ್ತರದ ತುದಿಯಲ್ಲಿ, ಕ್ವಾನ್ ದ ಮೀರ್ ಎಂಬ ನಡುಗಡ್ಡೆಯ ಈಚೆಗೆ, ದೊಡ್ಡ ಪಡೆ ಹಾಯಲಾರದೆಂದು ಫ್ರೆಂಚರು ನಂಬಿದ್ದ ಜಾಗದಲ್ಲಿ ಲಂಗರು ಹಾಕಲು ತಾಣವೂ ದೋಣಿಗಳಿಗೆ ಕಂಡಿಯೂ ಸಿಕ್ಕಿದವು. ಪೋರ್ಟ್ ಲೂಯಿಯ ಫಿರಂಗಿಗಳು ಸಮುದ್ರಕ್ಕೆ ಮುಖ ಮಾಡಿದ್ದವು. ಇವರು ಬೆನ್ನ ಕಡೆಯಿಂದ ಬರುವವರಿದ್ದರು.

ನವೆಂಬರ್ 22ರಂದು ರೊಡ್ರಿಗಸ್‌ನಿಂದ ಹೊರಟ ಸುಮಾರು 70 ಹಡಗುಗಳು 29ರಂದು ಅಲ್ಲಿ ನಿಂತವು. ಜನರಲ್ ಅಬರ್‌ಕ್ರೋಂಬಿಯ ಪಡೆ ದಡ ಮುಟ್ಟಿದಾಗ ಎದುರಾಳಿಯೇ ಇರಲಿಲ್ಲ. ಅವರನ್ನು ಕಾಡಿದ್ದು ಬಾಯಾರಿಕೆ. ಉರಿಬಿಸಿಲಿನ ನಡಿಗೆಯಲ್ಲಿ ನೀರಿಲ್ಲದೆ ಸೈನಿಕರು ಕುಸಿದುಬಿದ್ದರು. ಗವರ್ನರ್ ದೆಕಾನ್‌ನ ಬಳಿ ತರಬೇತಾದ ಸೈನಿಕರು ಸುಮಾರು 1,300, ಬಂದವರು ಅದರ ಹಲವು ಪಟ್ಟು. ಪೋರ್ಟ್ ಲೂಯಿಯ ಹೊರಗೆ ಒಂದೆರಡು ಚಕಮಕಿಗಳಾದ ಮೇಲೆ, ಡಿಸೆಂಬರ್ 3ರಂದು ಆತ ಶರಣಾಗತಿಗೆ ಸಹಿ ಹಾಕಿದ.

ಚಂಡಮಾರುತ ಹತ್ತಿರವಾಗುತ್ತಿದ್ದುದರಿಂದ ಬ್ರಿಟಿಷರಿಗೂ ಬೇಗ ಮುಗಿಸಬೇಕಿತ್ತು, ಹಾಗಾಗಿ ಷರತ್ತುಗಳು ಉದಾರವಾಗಿದ್ದವು. ದೆಕಾನ್ ಮತ್ತವನ ಪಡೆ ಯುದ್ಧಕೈದಿಗಳಾಗದೆ ಫ್ರಾನ್ಸಿಗೆ ಮರಳಿದರು. ನಿವಾಸಿಗಳ ಧರ್ಮ, ಕಾನೂನು, ರೂಢಿ, ಆಸ್ತಿಗೆ ಧಕ್ಕೆ ಇಲ್ಲವೆಂಬ ಭರವಸೆ ಸಿಕ್ಕಿತು. ಮಾರಿಷಸ್‌ನಲ್ಲಿ ಇಂದಿಗೂ ಫ್ರೆಂಚ್ ಭಾಷೆ, ಫ್ರೆಂಚ್ ಮೂಲದ ಸಿವಿಲ್ ಕಾನೂನು ಉಳಿದಿರುವುದರ ಬೇರು ಅಲ್ಲಿದೆ.

ಇದನ್ನು ಸಭ್ಯ ಒಪ್ಪಂದವೆಂದು ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ಕಾಪಾಡುತ್ತೇವೆಂದು ಮಾತು ಕೊಟ್ಟ ಆಸ್ತಿಯಲ್ಲಿ ಮನುಷ್ಯರೂ ಇದ್ದರು: ದ್ವೀಪದ ಬಹುಸಂಖ್ಯಾತರಾಗಿದ್ದ, ಆಫ್ರಿಕಾ ಮತ್ತು ಮಡಗಾಸ್ಕರ್‌ನಿಂದ ತಂದ ಗುಲಾಮರು. ಮೂರು ವರ್ಷ ಮೊದಲೇ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದ ಬ್ರಿಟನ್ ಅವರನ್ನು ಒಡೆಯರ ಕೈಯಲ್ಲೇ ಬಿಟ್ಟಿತು. ಅವರ ಬಿಡುಗಡೆಯ ಕಾನೂನು ದ್ವೀಪದಲ್ಲಿ ಜಾರಿಯಾದದ್ದು 1835ರ ಫೆಬ್ರವರಿ 1ರಂದು; ಪರಿಹಾರದ ಹಣ ಸಿಕ್ಕಿದ್ದು ಒಡೆಯರಿಗೆ.