ಹಳೆಯ ಅತಿಥಿಗೆ ಪರಿಚಿತ ತೆರೆ



ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರ್ಪಟ್ಟವು. ಜಿಲ್ಲೆಗಳ ಹೆಸರು ಬದಲಾದರೂ ಇಲ್ಲಿಯ ಕನ್ನಡ ಮನೆಗಳ ವಂಶಾವಳಿ, ಲಗ್ನಪತ್ರಿಕೆ, ಹಿರಿಯರ ಓಲೆಗಳು ಕನ್ನಡದಲ್ಲಿಯೇ ಉಳಿದುಬಂದಿವೆ. ಕಳೆದ ಶತಮಾನದ ಕೊನೆಗೆ ಇವುಗಳಲ್ಲಿ ಕೆಲವು ಗಣಕಯಂತ್ರವನ್ನು ಸೇರಿದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’ ಅಂದಿನ ಪ್ರಸಿದ್ಧ ತಂತ್ರಾಂಶ. ಆ ಕಾಲದ ಕಡತಗಳಲ್ಲಿ ಕನ್ನಡಾಕ್ಷರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತಿದ್ದವು. ತಕ್ಕ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅಜ್ಜನ ಪತ್ರವು ಅರ್ಥಹೀನ ಅಕ್ಷರರಾಶಿಯಾಗಿ ಕಾಣುತ್ತದೆ.

ಇದಕ್ಕೊಂದು ಉಪಾಯವುಂಟು. ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ತಂತ್ರಾಂಶದಿಂದಲೇ ಕಲ್ಪಿಸಬಹುದು. ಇದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ. ಫಾಬ್ರೀಸ್ ಬೆಲ್ಲಾರ್ ಅವರು 2003ರಲ್ಲಿ ಹೊರತಂದ ಕ್ಯೂಎಮು ಇಂತಹ ಉಚಿತ ತಂತ್ರಾಂಶ. ಹೊರಗಿನ ಯಂತ್ರ ಆತಿಥೇಯ, ಒಳಗಿನದು ಅತಿಥಿ. ಅತಿಥಿಗೆ ಚಿತ್ರ ತೋರಿಸುವ ವಿಡಿಯೋ ಕಾರ್ಡನ್ನೂ ಆತಿಥೇಯನೇ ಕಲ್ಪಿಸಿ ಕೊಡಬೇಕು.

ಇಲ್ಲಿ ತರುಣರು ಸಹಜವಾಗಿ ಹೊಸ ಕಾರ್ಡನ್ನೇ ಆರಿಸುತ್ತಾರೆ. ವರ್ಟಿಯೋ ಎಂಬುದು ಇಂದಿನ ಲಿನಕ್ಸಿಗೆ ಒಪ್ಪುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಅದರ ಗುರುತಿಲ್ಲ. ಆಗ ತೆರೆ ಕಿರಿದಾಗಿ, ಬಣ್ಣಗಳು ಕೆಲವೇ ಆಗಿ, ಪುಟದ ಸಾಲುಗಳು ಹಿಡಿಸುವುದಿಲ್ಲ. ಸಿರಸ್ ಎಂಬುದಾದರೋ 1990ರ ದಶಕದ ಕಾರ್ಡಿನ ಪ್ರತಿರೂಪ. ವಿಂಡೋಸ್ 95ರಿಂದ ಎಕ್ಸ್‌ಪಿಯವರೆಗಿನವು ಅದನ್ನು ತಾವಾಗಿ ಗುರುತಿಸುತ್ತವೆ. 2014ರ ಡಿಸೆಂಬರಿನಿಂದ ಕ್ಯೂಎಮು ಅದನ್ನು ತಾನಾಗಿ ಕೊಡುವುದಿಲ್ಲ. ಆದುದರಿಂದ ಅತಿಥಿಯಂತ್ರವನ್ನು ನಿಲ್ಲಿಸಿ, ವಿಜಿಎ ಆಯ್ಕೆಯಲ್ಲಿ ಸಿರಸ್ ಎಂದು ನಾವೇ ಸೂಚಿಸಬೇಕು.

ಸಿರಸ್‌ಗೆ ದೊರೆಯುವ ಸ್ಮೃತಿ 4 ಮೆಗಾಬೈಟು, ಅಂದರೆ 41,94,304 ಬೈಟು. ಲೆಕ್ಕ ಸುಲಭ: ತೆರೆಯ ಅಗಲ, ಎತ್ತರ, ಬಿಂದುವಿಗೆ ಬೇಕಾದ ಬೈಟು, ಈ ಮೂರನ್ನು ಗುಣಿಸಿದರಾಯಿತು. 1024, 768, 2 ಗುಣಿಸಿದರೆ 15,72,864. ಇದು ಧಾರಾಳವಾಗಿ ಹಿಡಿಸುತ್ತದೆ. 1920, 1080, 4 ಗುಣಿಸಿದರೆ 82,94,400, ಇದು ಹಿಡಿಸದು. ಪತ್ರ ಓದಲು ಮೊದಲನೆಯದೇ ಸಾಕು.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿರುವುದರಿಂದ ಆ ಅತಿಥಿಗೆ ಅಂತರ್ಜಾಲದ ಸಂಪರ್ಕ ಕೊಡಲಾಗದು. ಮೂಲ ಕಡತದ ಪ್ರತಿಯೊಂದನ್ನು ತೆಗೆದಿರಿಸಿ, ಇನ್ನೊಂದನ್ನು ಯೂನಿಕೋಡಿಗೆ ಪರಿವರ್ತಿಸಿರಿ. ಪರಿವರ್ತನೆಯಲ್ಲಿ ಒತ್ತಕ್ಷರವೂ ಅರ್ಕಾವತ್ತೂ ಸ್ಥಳ ತಪ್ಪುವುದುಂಟು. ಹಳೆಯ ತೆರೆಯ ಮೇಲಿನ ಮೂಲದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ತಿದ್ದಿದ ಬಳಿಕವೇ ಮುದ್ರಿಸಿರಿ.

ಇಷ್ಟು ಶ್ರಮವೇಕೆ ಎಂದರೆ, ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ತಮಿಳನ್ನೇ ಓದುತ್ತಾರೆ. ಅದು ತಪ್ಪಲ್ಲ, ನೆಲದ ಭಾಷೆಯನ್ನು ಕಲಿಯಲೇಬೇಕು. ಆದರೆ ಊರು ಯಾವುದು, ಹೆಸರು ಯಾರದು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕಾರ್ಯ ಮುಗಿಯಬೇಕು. ತೆರೆಯನ್ನು ಸರಿಪಡಿಸುವುದು ತರುಣರ ಕೆಲಸ, ಓದಿ ಹೇಳುವುದು ಹಿರಿಯರ ಕೆಲಸ. ಬರುವ ರಜೆಯಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಕೂಡಲಿ ಎಂಬುದು ನಮ್ಮ ವಿನಂತಿ.