ಅರೆಕಾಲದ ಸಿಪಾಯಿ, ಪೂರ್ಣಕಾಲದ ಪಿಸ್ತೂಲು

ಕೃಷ್ಣದೇವರಾಯನ ಬೆಳಗು ಹೇಗೆ ಶುರುವಾಗುತ್ತಿತ್ತು ಎಂಬುದನ್ನು ಬರೆದಿಟ್ಟವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. 1520ರ ಸುಮಾರಿಗೆ ಅವನು ವಿಜಯನಗರದಲ್ಲಿದ್ದ. ಅವನ ಪ್ರಕಾರ ಅರಸ ಬೆಳಕು ಹರಿಯುವ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಿದ್ದ. ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಹಿಡಿದು ಸಾಮು ಮಾಡಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿಗೆ ನಿಲ್ಲುತ್ತಿದ್ದ. ಆಮೇಲೆ ಕುದುರೆ ಏರಿ ಬೆಳಗಾಗುವವರೆಗೆ ಬಯಲಿನಲ್ಲಿ ಸವಾರಿ. ಸ್ನಾನ, ಪೂಜೆ, ರಾಜಕಾರ್ಯ ಎಲ್ಲ ಆ ನಂತರವೇ.

ಸುತ್ತ ಸಾವಿರಾರು ಕಾವಲುಗಾರರಿದ್ದ ಅರಸನಿಗೆ ಈ ದಿನನಿತ್ಯದ ಕಷ್ಟ ಏಕೆ ಬೇಕಿತ್ತು? ಆಯುಧ ಹಿಡಿಯುವ ಕೈ ನಾಲ್ಕು ದಿನ ಸುಮ್ಮನಿದ್ದರೆ ಮರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗರಡಿ ಮನೆಯ ಮಣ್ಣು ಮೆಟ್ಟಿದ ಯಾರಿಗಾದರೂ ಗೊತ್ತಿರುವ ಸಂಗತಿ ಇದು.

ಆದರೆ ಅವನ ಸೈನ್ಯದಲ್ಲಿದ್ದವರೆಲ್ಲ ಅರಮನೆಯಲ್ಲೇ ಉಂಡು, ಅಲ್ಲೇ ಸಾಮು ಮಾಡುತ್ತಿದ್ದವರಲ್ಲ. ನಾಯಕರಿಗೆ ಸೀಮೆಗಳನ್ನು ವಹಿಸಿ, ಅದರ ಆದಾಯದಲ್ಲಿ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಸಾಕಬೇಕೆಂದು ಕಟ್ಟಳೆ ಮಾಡಿದ್ದರು. ಮುಂದೆ ಬಂದ ಇನ್ನೊಬ್ಬ ಪೋರ್ಚುಗೀಸ್, ಕುದುರೆ ವ್ಯಾಪಾರಿ ನೂನಿಜ್, ಈ ಲೆಕ್ಕವನ್ನು ಪಟ್ಟಿ ಮಾಡಿದ್ದಾನೆ. ಒಬ್ಬ ದೊಡ್ಡ ನಾಯಕನ ಪಾಲಿಗೆ 30,000 ಕಾಲಾಳು, 3,000 ಕುದುರೆ, 30 ಆನೆ. ತಲೆಯ ಲೆಕ್ಕ ಪಟ್ಟಿಯಲ್ಲಿದೆ. ಆ ತಲೆಗಳ ಕೈ ಎಷ್ಟು ಪಳಗಿತ್ತು ಎಂಬ ಲೆಕ್ಕ ಪಟ್ಟಿಯಲ್ಲಿಲ್ಲ.

ಪಳಗಿದ ಕೈಯ ಬೆಲೆ ಏನೆಂದು ತಿಳಿಯಲು ಅದೇ ನೂನಿಜ್ ಬರೆದ ರಾಯಚೂರು ಮುತ್ತಿಗೆಯ ವೃತ್ತಾಂತ ಓದಬೇಕು. 1520ರಲ್ಲಿ ರಾಯನ ಭಾರಿ ಸೈನ್ಯ ಕೋಟೆಯ ಕೆಳಗೆ ಬೀಡುಬಿಟ್ಟಿತ್ತು. ಗೋಡೆಯ ಕಲ್ಲು ಕಿತ್ತು ತಂದವನಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ. ಆದರೂ ಕೋಟೆ ಬಗ್ಗಲಿಲ್ಲ. ಆಗ ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬವನು ತನ್ನ 20 ಮಂದಿ ಕೋವಿಕಾರರನ್ನು ಕರೆದುಕೊಂಡು ಗೋಡೆಯ ಹತ್ತಿರ ಹೋದ. ಮೇಲೆ ಧೈರ್ಯವಾಗಿ ತಲೆಯೆತ್ತಿ ನಿಂತಿದ್ದವರು ಒಬ್ಬೊಬ್ಬರಾಗಿ ಉರುಳತೊಡಗಿದರು. ಕೆಳಗಿನವರು ನಿರ್ಭಯವಾಗಿ ಕಲ್ಲು ಕೀಳಲು ಅನುವಾಯಿತು. ಕೊನೆಗೆ ಏನಾಗುತ್ತಿದೆಯೆಂದು ಹೊರಗೆ ಬಾಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಮಾರನೆಯ ದಿನ ಕೋಟೆ ಶರಣಾಯಿತು. ಲಕ್ಷಗಟ್ಟಲೆ ಜನರ ನಡುವೆ ಎದ್ದು ಕಂಡವರು ಗುರಿ ಬಲ್ಲ 20 ಮಂದಿ.

ವಿಜಯನಗರ ಹೋದ ಮೇಲೂ ಈ ಸೀಮೆಯಲ್ಲಿ ಅರೆಕಾಲದ ಸಿಪಾಯಿಗಳು ಹೋಗಲಿಲ್ಲ. ಪಾಳೆಯಗಾರರ ಕಾಲದಲ್ಲಿ ಅವರಿಗೆ ಕಟ್ಟುಬಡಿಗಳೆಂದು ಹೆಸರು. ಊರಲ್ಲಿ ಹೊಲ ಅನುಭವಿಸುವುದು, ಕರೆ ಬಂದಾಗ ಆಯುಧ ಹಿಡಿದು ಹೊರಡುವುದು ಅವರ ಬದುಕು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂತು. 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲ ಮುರಿದ. ಆಯುಧ ಊರಿನಿಂದ ಠಾಣೆಗೆ, ರೈತನಿಂದ ಸಂಬಳದ ಸಿಪಾಯಿಗೆ ಸರಿಯಿತು.

ಇವತ್ತು ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಅರೆಕಾಲದ ಸಮವಸ್ತ್ರ ನೋಡಬೇಕೆಂದರೆ ಗೃಹರಕ್ಷಕ ದಳದವರನ್ನು ನೋಡಬೇಕು. 1946ರ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ದಳ, 1962ರ ಚೀನಾ ಯುದ್ಧದ ನಂತರ ದೇಶದ ಉದ್ದಗಲಕ್ಕೆ ಹರಡಿತು. ನಮ್ಮ ರಾಜ್ಯದ ಗೃಹರಕ್ಷಕ ಕಾಯಿದೆಯೂ 1962ರದೇ. ಬೆಳಿಗ್ಗೆ ಅಂಗಡಿ ತೆರೆದವನು, ಗದ್ದೆಗೆ ನೀರು ಬಿಟ್ಟವನು, ಸಂಡೂರಿನ ಗಣಿ ಕಡೆ ಕೆಲಸ ಮಾಡುವವನು ಕರೆ ಬಂದಾಗ ಖಾಕಿ ತೊಟ್ಟು ಹಂಪಿ ಉತ್ಸವದ ಜನಜಂಗುಳಿಯಲ್ಲಿ, ಚುನಾವಣೆಯ ಮತಗಟ್ಟೆಯಲ್ಲಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲಾಠಿ. ದಿನದ ಲೆಕ್ಕದ ಭತ್ಯೆ ಅವನದು. ಆ ಭತ್ಯೆ ತಿಂಗಳಿಗೆ ಕೂಡಿದರೆ ಪೊಲೀಸರ ಕನಿಷ್ಠ ವೇತನಕ್ಕೆ ಸಮವಾಗಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು.

ಬಂದೂಕು, ಪಿಸ್ತೂಲು ಹಿಡಿಯುವ ಅರೆಕಾಲದ ಸಿಪಾಯಿ ಇರುವುದು ಟೆರಿಟೋರಿಯಲ್ ಆರ್ಮಿಯಲ್ಲಿ, ಅಂದರೆ ಪ್ರಾದೇಶಿಕ ಸೇನೆಯಲ್ಲಿ. 1949ರ ಅಕ್ಟೋಬರ್ 9ರಂದು ಸಿ. ರಾಜಗೋಪಾಲಾಚಾರಿ ಇದನ್ನು ಉದ್ಘಾಟಿಸಿದರು. ಅಧಿಕಾರಿಯಾಗಿ ಸೇರುವವನಿಗೆ ಹೊಟ್ಟೆಪಾಡಿನ ಬೇರೆ ಉದ್ಯೋಗ ಇರಲೇಬೇಕೆಂಬುದು ಇದರ ವಿಶೇಷ. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಶಿಬಿರ, ಮೊದಲ ಎರಡು ವರ್ಷಗಳೊಳಗೆ ಮೂರು ತಿಂಗಳ ಅಧಿಕಾರಿ ತರಬೇತಿ. ಉಳಿದ ದಿನಗಳಲ್ಲಿ ಅವನು ಎಂಜಿನಿಯರ್, ಮೇಷ್ಟ್ರು, ವಕೀಲ, ವ್ಯಾಪಾರಿ.

ಗೌರವಕ್ಕಾಗಿ ಸೇರಿದವರಿಗೂ ಇಲ್ಲಿ ಕಲಿಕೆ ತಪ್ಪುವುದಿಲ್ಲ. ಕ್ರಿಕೆಟಿಗ ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರು. ಅವರ ಪಡೆ ಬೆಂಗಳೂರಿನ 106ನೆಯ ಪ್ಯಾರಾ ಬೆಟಾಲಿಯನ್. ಎದೆಯ ಮೇಲೆ ಪ್ಯಾರಾ ರೆಕ್ಕೆ ಧರಿಸಲು 2015ರಲ್ಲಿ ಆಗ್ರಾಕ್ಕೆ ಹೋಗಿ ವಿಮಾನದಿಂದ ಐದು ಸಲ ಧುಮುಕಬೇಕಾಯಿತು. ಈ ಸೇನೆ ಬರಿಯ ಅಲಂಕಾರವೂ ಅಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ, ಇದರ ಅಧಿಕಾರಿಗಳನ್ನೂ ಯೋಧರನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಆಫೀಸಿನ ಮೇಜಿನ ಮುಂದೆ ಕುಳಿತವನು ವಾರದೊಳಗೆ ಗಡಿಯಲ್ಲಿರಬೇಕಾದ ಪ್ರಸಂಗ ಬರಬಹುದು.

ಇಲ್ಲಿ ಪಿಸ್ತೂಲಿನ ಮಾತು ಬರುತ್ತದೆ. ಚಿಕ್ಕದು, ಹಗುರ, ಸೊಂಟದಲ್ಲಿ ಕೂರುತ್ತದೆ. ಹಾಗಾಗಿ ರೈಫಲಿಗಿಂತ ಸುಲಭ ಎಂದು ನೋಡಿದವರು ತಿಳಿಯುತ್ತಾರೆ. ವಾಸ್ತವ ತಿರುಗಾಮುರುಗಾ. ನಮ್ಮ ಸೇನೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 9 ಎಂ.ಎಂ. ಪಿಸ್ತೂಲನ್ನೇ ತೆಗೆದುಕೊಳ್ಳಿ. ಗುರಿ ನೋಡಲು ಮುಂದೊಂದು ಮೊನೆ, ಹಿಂದೊಂದು ಸೀಳು. ಎರಡರ ನಡುವಿನ ಅಂತರ ಸುಮಾರು 16 ಸೆಂಟಿಮೀಟರ್. ಆ ಮೊನೆ ಒಂದೇ ಒಂದು ಮಿಲಿಮೀಟರ್ ಸರಿದರೂ 25 ಮೀಟರ್ ದೂರದಲ್ಲಿ ಗುಂಡು 15 ಸೆಂಟಿಮೀಟರ್ ಆಚೆಗೆ ಬೀಳುತ್ತದೆ. ಮೊನೆಗೂ ಸೀಳಿಗೂ ಅರ್ಧ ಮೀಟರ್ ಅಂತರವಿರುವ ರೈಫಲಿನಲ್ಲಾದರೆ ಅದೇ ತಪ್ಪಿಗೆ ಐದು ಸೆಂಟಿಮೀಟರ್ ಅಷ್ಟೆ. ರೈಫಲಿಗೆ ಭುಜದ ಆಸರೆ ಇದೆ. ಪಿಸ್ತೂಲಿಗೆ ಮಣಿಕಟ್ಟೇ ಗತಿ.

ಗುರಿ ತಪ್ಪುವುದಕ್ಕಿಂತ ದೊಡ್ಡ ಅಪಾಯ ಅದರ ಗಿಡ್ಡ ನಳಿಗೆಯಲ್ಲಿದೆ. ರೈಫಲ್ ಹಿಡಿದವನು ಪಕ್ಕಕ್ಕೆ ತಿರುಗಿದರೆ ಸುತ್ತಲಿನವರಿಗೆ ಕಾಣುತ್ತದೆ. ಪಿಸ್ತೂಲು ಮಣಿಕಟ್ಟು ಹೊರಳಿದಷ್ಟಕ್ಕೇ ಪಕ್ಕದವನ ಹೊಟ್ಟೆಯತ್ತ ತಿರುಗಿಬಿಡುತ್ತದೆ. "ಸಾರ್, ಸಿಕ್ಕಿಹಾಕಿಕೊಂಡಿದೆ" ಎಂದು ಪಿಸ್ತೂಲಿನ ಸಮೇತ ಉಸ್ತಾದರ ಕಡೆ ತಿರುಗುವ ಹೊಸಬನನ್ನು ಕಂಡರೆ ಫೈರಿಂಗ್ ರೇಂಜಿನಲ್ಲಿ ಎಲ್ಲರ ಎದೆಯೂ ಝಲ್ಲೆನ್ನುತ್ತದೆ. ಇನ್ನೊಂದು ಹಳೆಯ ತಪ್ಪು ಇದೆ. ಮ್ಯಾಗಜೀನ್ ಹೊರಗೆ ತೆಗೆದರೆ ಪಿಸ್ತೂಲು ಖಾಲಿಯಾಯಿತು ಎಂದುಕೊಳ್ಳುವುದು. ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜೀನ್ ತೆಗೆದ ಮೇಲೆ ಸ್ಲೈಡ್ ಹಿಂದಕ್ಕೆಳೆದು ಕಣ್ಣಿನಿಂದ ನೋಡಬೇಕು, ಕತ್ತಲಾಗಿದ್ದರೆ ಬೆರಳು ಹಾಕಿ ನೋಡಬೇಕು. ಗುಂಡು ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಈ ನಿಯಮಗಳನ್ನು ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ಗಾಬರಿಯ ಹೊತ್ತಿನಲ್ಲೂ ಕೈ ತಾನಾಗಿ ಪಾಲಿಸಬೇಕಾದರೆ ವರ್ಷಗಳು ಬೇಕು.

ಅರೆಕಾಲದ ಸೈನ್ಯವನ್ನೇ ದೇಶದ ಬೆನ್ನೆಲುಬು ಮಾಡಿಕೊಂಡ ಸ್ವಿಟ್ಜರ್ಲೆಂಡ್ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅಲ್ಲಿ ಸೇವೆಯ ಬಂದೂಕು ಪಡೆದವನು ವರ್ಷಕ್ಕೊಮ್ಮೆ ಹತ್ತಿರದ ಶೂಟಿಂಗ್ ರೇಂಜಿಗೆ ಹೋಗಿ 20 ಗುಂಡು ಹಾರಿಸಲೇಬೇಕು. ಒಟ್ಟು 85 ಅಂಕ, ಪಾಸಾಗಲು 42. ಫೇಲಾದರೆ ಮತ್ತೆ ಹಾರಿಸಬೇಕು. ಹೋಗದೆ ತಪ್ಪಿಸಿಕೊಂಡರೆ ದಂಡ. ಪಿಸ್ತೂಲು ಹೊಂದಿದ ಅಧಿಕಾರಿಗಳಿಗೆ 25 ಮೀಟರಿನ ಬೇರೆ ಪರೀಕ್ಷೆಯಿದೆ. ಬ್ಯಾಂಕ್ ಮ್ಯಾನೇಜರನೂ ಹಾಲು ಮಾರುವ ರೈತನೂ ಒಂದೇ ಸಾಲಿನಲ್ಲಿ ನಿಂತು ಗುರಿ ಹಿಡಿಯುತ್ತಾರೆ.

ನಮ್ಮಲ್ಲಿಯೂ ಈ ವಿವೇಕ ಇಲ್ಲವೆಂದಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸ್ ಕೇಳುವ ಸಾಮಾನ್ಯ ನಾಗರಿಕನಿಗೂ ಸುರಕ್ಷತಾ ತರಬೇತಿ ಬೇಕೆಂದು ಹೇಳುತ್ತವೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತಾರೆ. ಆದರೆ ಒಮ್ಮೆ ಪಡೆದ ಸರ್ಟಿಫಿಕೇಟು ಗೋಡೆಯ ಮೇಲೆ ಹಾಗೇ ಇರುತ್ತದೆ, ಕೈ ಹಾಗಿರುವುದಿಲ್ಲ. ಅರೆಕಾಲದವನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅವನು ಯಾವಾಗ ಕಲಿತ ಎಂಬುದಲ್ಲ, ಕೊನೆಯ ಸಲ ಯಾವಾಗ ಹಾರಿಸಿದ ಎಂಬುದು. ಹತ್ತು ತಿಂಗಳ ಬಿಡುವಿನ ನಂತರ ಬಂದವನ ಕೈಗೆ ಪಿಸ್ತೂಲು ಕೊಡುವ ಮುಂಚೆ ಖಾಲಿ ಆಯುಧದಲ್ಲಿ ನಾಲ್ಕು ದಿನ ಅಭ್ಯಾಸ, ಆಮೇಲೆ ಗುಂಡು, ಆಮೇಲೆ ಪರೀಕ್ಷೆ. ಫೇಲಾದವನಿಗೆ ಪಿಸ್ತೂಲಿಲ್ಲ. ಇದರಲ್ಲಿ ಅವಮಾನದ ಮಾತಿಲ್ಲ. ಸಿಪಾಯಿ ಅರೆಕಾಲದವನಾದರೂ ಗುಂಡು ಪೂರ್ಣಕಾಲದ್ದು. ಅದರ ಖರ್ಚು ಹೆಚ್ಚೆನ್ನುವವರು ಒಂದು ಗುಂಡು ತಪ್ಪಿ ತಗುಲಿದ ಮನೆಯ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಹಂಪಿಗೆ ಬಂದವರು ಮಹಾನವಮಿ ದಿಬ್ಬದ ಸುತ್ತ ಕೆತ್ತಿದ ಆನೆ, ಕುದುರೆ, ಜಟ್ಟಿಗಳ ಸಾಲುಗಳನ್ನು ನೋಡಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದು ಹಬ್ಬದ ದಿನದ ಮೆರವಣಿಗೆ. ಆ ಮೆರವಣಿಗೆಗೆ ಬಲ ಕೊಟ್ಟದ್ದು ವರ್ಷದ ಉಳಿದ ದಿನಗಳ ಬೆಳಗಿನ ಜಾವದ ಬೆವರು.