ಪ್ರತಿಕಾಯಗಳು ಏಕೆ ತಡವಾಗಿ ಬರುತ್ತವೆ?

ಫ್ಲೂ ಜ್ವರದ ಮೂರನೆಯ ದಿನ. ಮೈಯೆಲ್ಲ ಕಾದ ಹೆಂಚು. ವೈರಸ್ಸು ದೇಹಕ್ಕೆ ತೀರ ಹೊಸದಾದರೆ, ಅದನ್ನು ಹಿಡಿಯಬಲ್ಲ ಪ್ರತಿಕಾಯ ಆ ಹೊತ್ತಿಗೆ ರಕ್ತದಲ್ಲಿ ಇಲ್ಲವೆಂದೇ ಹೇಳಬೇಕು. ಜ್ವರ, ಮೈಕೈನೋವು ಎಲ್ಲವೂ ಮೊದಲ ಕಾವಲು ಪಡೆಯ ಗದ್ದಲ. ಪ್ರತಿಕಾಯಕ್ಕೆ ಒಂದು ವಾರವಾದರೂ ಬೇಕು.

ಈ ತಡ ಸೋಮಾರಿತನವಲ್ಲ, ಹುಡುಕಾಟ. ದೇಹ ವೈರಸ್ಸಿನ ಅಳತೆ ತೆಗೆದು ಅಂಗಿ ಹೊಲಿಯುವುದಿಲ್ಲ. ಕೋಟ್ಯಂತರ ಅಳತೆಯ ಸಿದ್ಧ ಅಂಗಿಗಳನ್ನು ಮೊದಲೇ ಪೇರಿಸಿಟ್ಟಿರುತ್ತದೆ. ಪ್ರತಿಕಾಯ ತಯಾರಿಸುವ ಒಂದೊಂದು ಬಿ ಕೋಶದ ಬಳಿ ಒಂದೊಂದು ಅಳತೆ. ಕೆಲವೇ ನೂರು ಜೀನ್ ತುಣುಕುಗಳನ್ನು ಇಸ್ಪೀಟಿನಂತೆ ಕಲೆಸಿ ಇಷ್ಟೊಂದು ಬಗೆ ಹುಟ್ಟುತ್ತದೆಂದು ತೋರಿಸಿದ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಉಸಿರಾಟದ ದಾರಿಯಲ್ಲಿ ಸಿಕ್ಕ ವೈರಸ್ ಚೂರುಗಳನ್ನು ಕಾವಲು ಕೋಶಗಳು ಕುತ್ತಿಗೆ, ಎದೆಯ ದುಗ್ಧಗ್ರಂಥಿಗಳಿಗೆ ಹೊತ್ತೊಯ್ಯುತ್ತವೆ. ಹೊಂದುವ ಬಿ ಕೋಶ ಅಲ್ಲಿ ಸಿಕ್ಕರೂ ಸಾಲದು, ಸಹಾಯಕ ಟಿ ಕೋಶ ಒಪ್ಪಿಗೆ ಕೊಡಬೇಕು. ಆಮೇಲೆ ಒಂದು ಕೋಶ ಸಾವಿರಾರಾಗುತ್ತದೆ. ಮೊದಲು ಬರುವ ಐಜಿಎಂ ಪ್ರತಿಕಾಯ ಸುಮಾರಾಗಿ ಹೊಂದುವ ಅಂಗಿ. ಗ್ರಂಥಿಯಲ್ಲೇ ಉಳಿದ ಕೋಶಗಳು ತಮ್ಮ ಜೀನುಗಳಲ್ಲಿ ಅಲ್ಲಲ್ಲಿ ತಿದ್ದುಪಡಿ ಮಾಡಿಕೊಳ್ಳುತ್ತವೆ. ಹಿಡಿತ ಬಿಗಿಯಾದವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ. ಹೀಗೆ ಪಳಗಿದ್ದು ರಕ್ತದ ಐಜಿಜಿ. ಮೂಗು, ಗಂಟಲಿನ ಲೋಳೆಯನ್ನು ಕಾಯುವುದು ಐಜಿಎ. ಇವು ವೈರಸ್ಸಿನ ಮೇಲ್ಮೈಗೆ ಅಂಟಿ, ಅದು ಜೀವಕೋಶದ ಬಾಗಿಲು ಹಿಡಿಯದಂತೆ ತಡೆಯುತ್ತವೆ. ಆಗಲೇ ಒಳಹೊಕ್ಕ ವೈರಸ್ಸನ್ನು ಕೋಶಸಮೇತ ಮುಗಿಸುವ ಕೆಲಸ ಮುಖ್ಯವಾಗಿ ಬೇರೊಂದು ಬಗೆಯ ಟಿ ಕೋಶಗಳದ್ದು.

ಕಾಯಿಲೆ ವಾಸಿಯಾದ ಮೇಲೆ ಪ್ರತಿಕಾಯ ತಯಾರಿಸಿದ ಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಅಸ್ಥಿಮಜ್ಜೆಯಲ್ಲಿ ನೆಲೆಸುತ್ತವೆ. ನೆನಪಿನ ಬಿ ಕೋಶಗಳೂ ಉಳಿಯುತ್ತವೆ. ಎಷ್ಟು ಕಾಲ? 1918ರ ಮಹಾಮಾರಿ ಫ್ಲೂ ಕಾಲದಲ್ಲಿ ಮಕ್ಕಳಾಗಿದ್ದ, 91ರಿಂದ 101 ವರ್ಷದ 32 ಮಂದಿಯ ರಕ್ತ ಪರೀಕ್ಷೆಯ ವರದಿ 2008ರಲ್ಲಿ ಪ್ರಕಟವಾಯಿತು. ಹತ್ತಿರ ಹತ್ತಿರ ತೊಂಬತ್ತು ವರ್ಷ ಕಳೆದರೂ ಅವರೆಲ್ಲರ ರಕ್ತ ಆ ವೈರಸ್ಸನ್ನು ಗುರುತಿಸಿತು.

ಹಾಗಾದರೆ ಫ್ಲೂ ಮತ್ತೆ ಮತ್ತೆ ಏಕೆ ಬರುತ್ತದೆ? ಅಂಗಿ ಹಳತಾಗಿಲ್ಲ, ವೈರಸ್ಸಿನ ಮೈಕಟ್ಟು ಬದಲಾಗಿದೆ. ಅದಕ್ಕೇ ಫ್ಲೂ ಲಸಿಕೆಯನ್ನು ಕಾಲಕಾಲಕ್ಕೆ ಹೊಸದಾಗಿ ಹೊಂದಿಸುತ್ತಾರೆ. ಚುಚ್ಚಿಸಿಕೊಂಡ ಮೇಲೂ ದೇಹಕ್ಕೆ ಸುಮಾರು ಎರಡು ವಾರ ಬೇಕು. ಹುಡುಕಾಟದ ಆ ದಿನಗಳನ್ನು ಜ್ವರದ ಹಾಸಿಗೆಯಲ್ಲಿ ಕಳೆಯುವುದಕ್ಕಿಂತ, ಫ್ಲೂ ಹಂಗಾಮಿಗೆ ಮುಂಚೆಯೇ ದೇಹಕ್ಕೆ ಕೊಟ್ಟುಬಿಡುವುದು ಜಾಣತನ.